ಹಲಗೆ ಕೇಳದ ಬೆಳಗು

ಚಳಿಗಾಲ ಹತ್ತಿತೆಂದರೆ ಪಾಮನಕಲ್ಲೂರಿನ ಆಚೆಯ ಆ ಕೆರೆಯೂರಿನಲ್ಲಿ ಗಾಳೆಪ್ಪನಿಗೆ ಒಂದೇ ಕೆಲಸ. ಬೆಳಕು ಹರಿಯುವ ಮುಂಚೆ ಕೆರೆಯ ಬಡಗಣ ದಂಡೆಗೆ ಹೋಗಿ ಚರ್ಮದ ಹಲಗೆ ಬಡಿಯುವುದು. ರಾತ್ರಿಯೆಲ್ಲ ಕಡಲೆ ಹೊಲಗಳಲ್ಲಿ ಮೇಯ್ದ ಹೆಬ್ಬಾತುಗಳು ನೀರಿಗಿಳಿಯಲು ಸುತ್ತು ಹಾಕುವ ಹೊತ್ತದು. ಸದ್ದಿಗೆ ಬೆದರಿ ಅವು ಕೃಷ್ಣೆಯ ಕಡೆ ಹೋಗಿಬಿಡುತ್ತಿದ್ದವು. ಯಾರಾದರೂ ಕೇಳಿದರೆ, ಜೋಳಕ್ಕೆ ಬೀಳುವ ಗಿಳಿ ಓಡಿಸುತ್ತೇವೆ ಎಂದು ಊರವರು ಹೇಳುತ್ತಿದ್ದರು.

ನಿಜವಾದ ಕಾರಣವನ್ನು ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ. ಹಕ್ಕಿ ಕೂತರೆ ಹೈದರಾಬಾದ್ ಸರಕಾರದ ಸಾಹೇಬರ ಶಿಕಾರಿ ಬರುತ್ತದೆ. ಶಿಕಾರಿ ಬಂದರೆ ಊರಿಗೆ ಬಿಟ್ಟಿ ಚಾಕರಿ: ಕೋಳಿ, ತುಪ್ಪ, ಕುದುರೆಗೆ ಹುಲ್ಲು, ಆಮೇಲೆ ನೀರಿಗಿಳಿಯಲು ಆಳು. ಗಾಳೆಪ್ಪ ಕೂಸಾಗಿದ್ದಾಗ ಅವನ ಅಪ್ಪ ಅಂಬಪ್ಪನನ್ನು ಹಾಗೆಯೇ ಇಳಿಸಿದ್ದರು. ಗುಂಡು ತಗುಲಿದ ಹಕ್ಕಿಗಳನ್ನು ಹೆಕ್ಕುತ್ತ ಮಧ್ಯಾಹ್ನದವರೆಗೆ ಎದೆಮಟ್ಟದ ನೀರಿನಲ್ಲಿದ್ದವನು ನಡುಗುತ್ತ ಮನೆಗೆ ಬಂದ. ಆ ಜ್ವರ ಇಳಿಯಲಿಲ್ಲ. ಅವನನ್ನು ಮಣ್ಣು ಮಾಡಿ ಬಂದ ಹಿರಿಯರು ಹಾಕಿದ ಕಟ್ಟಳೆ ಈ ಹಲಗೆ.

ಮಂಜಿಗೆ ಹಲಗೆಯ ಚರ್ಮ ಜೋಲುತ್ತದೆ; ಬೆಂಕಿಗೆ ಹಿಡಿದರೇ ನಾದ. ಆ ಕೆಲಸ ಅವ್ವ ಮುದುಕಮ್ಮನದು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಆದರೂ ಜೋಳದ ದಂಟು ಉರಿಸಿ, ಚರ್ಮವನ್ನು ಬೆರಳಲ್ಲಿ ಮುಟ್ಟಿ ನೋಡಿ, ಸಾಕೆನಿಸಿದಾಗ ಮಗನ ಕೈಗೆ ಕೊಡುತ್ತಿದ್ದಳು.

ಆ ದಿನ ಗಾಳೆಪ್ಪ ಎದ್ದಾಗ ಒಲೆ ತಣ್ಣಗಿತ್ತು. ಅವ್ವ ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

"ಯಾಕಬೇ, ಬೆಂಕಿ ಹಾಕಿಲ್ಲ?"

"ಇವತ್ತೊಂದಿನ ಬ್ಯಾಡ."

"ಹುಚ್ಚು ಹಿಡದದೇನು ನಿನಗ?"

"ಹಿಡದ್ರ ಹಿಡೀಲಿ. ಅವು ನೀರಾಗ ಕುಂತು ಮಾತಾಡೋದು ನಾ ಮದುವಿ ಆಗಿ ಬಂದ ವರ್ಷ ಕೇಳಿದ್ದೆ. ಬಿಳಿ ತಲಿ, ಅದರ ಮ್ಯಾಲ ಎರಡು ಕರಿ ಪಟ್ಟಿ. ನಿಮ್ಮಪ್ಪ ತೋರಿಸಿದ್ದ. ಈಗ ಕಣ್ಣಂತೂ ಹೋದ್ವು. ಕಿವಿ ಇನ್ನೂ ಅದಾವ."

"ಅಪ್ಪ ಸತ್ತಿದ್ದು ಅವುಗಳಿಂದನ."

"ಹಕ್ಕಿ ಏನು ಮಾಡಿದ್ವು? ಬಂದೂಕು ಹಿಡಕೊಂಡು ಬಂದಿದ್ವೇನು?"

ಹಳ್ಳಿಗಳ ತಪಾಸಣೆಗೆ ಹೊರಟ ಸಾಹೇಬರ ದೌರೆ ಮಸ್ಕಿಗೆ ಬಂದು ಡೇರೆ ಹಾಕಿದೆ ಎಂಬ ಸುದ್ದಿ ಗಾಳೆಪ್ಪನಿಗೆ ತಿಳಿದಿತ್ತು. ಅದನ್ನು ಅವ್ವನಿಂದ ಮುಚ್ಚಿಟ್ಟ. ಅವ್ವ ತನಗಾಗಿ ಏನನ್ನಾದರೂ ಕೇಳಿದ್ದು ಅವನಿಗೆ ನೆನಪಿರಲಿಲ್ಲ. ಅವಳ ಕೈ ಹಿಡಿದು ದಂಡೆಗೆ ಕರೆದುಕೊಂಡು ಹೋದ.

ಹಕ್ಕಿಗಳು ಸುತ್ತು ಹಾಕಿದವು, ಮತ್ತೊಂದು ಸುತ್ತು ಹಾಕಿದವು. ಹಲಗೆಗಾಗಿ ಕಾಯುತ್ತಿವೆಯೇನೋ ಎನಿಸಿತು. ಆಮೇಲೆ ಕಾಲು ಮುಂದೆ ಚಾಚಿ ಒಂದೊಂದಾಗಿ ನೀರು ಸೀಳಿ ಇಳಿದವು. ಗಾಳೆಪ್ಪ ಇಷ್ಟು ವರ್ಷ ಕಂಡದ್ದು ಅವುಗಳ ಹೊಟ್ಟೆಯನ್ನು ಮಾತ್ರ. ತಲೆಯ ಪಟ್ಟೆಗಳನ್ನು ಅವನೂ ಇಂದೇ ನೋಡಿದ. ಮೂಗಿನಲ್ಲಿ ಮಾತಾಡಿದಂಥ ಗದ್ದಲ ಕೆರೆಯ ತುಂಬ ಹಬ್ಬಿತು.

"ಒಂದು ಮುದಿ ಗಂಡು ಅದ ನೋಡು," ಎಂದಳು ಅವ್ವ. "ಎಲ್ಲಾರಿಗೂ ಬೈಯಾಕತ್ತದ."

ಅವಳು ನಗುತ್ತಿದ್ದಳು.

ಏರಿಯ ಮೇಲೆ ಯಾರೋ ಕೆಮ್ಮಿದರು. ಡೇರೆಯ ಜವಾನ ಜಿಲಾನಿಸಾಬ್, ಸಾಹೇಬರ ಅಡುಗೆಗೆ ಕೋಳಿ ಒಯ್ಯಲು ಬಂದವನು.

"ಏನಲೇ ಗಾಳ್ಯಾ, ನಿಮ್ಮೂರಾಗ ಗಿಳಿ ಭಾಳ ದೊಡ್ಡವು ಬೆಳದಾವಲ್ಲ."

"ನೋಡಿಲ್ಲ ಅನ್ರಿ ಸಾಬ್ರ. ಕೈ ಮುಗೀತೀನಿ. ಈಗ ಎಬ್ಬಿಸಿ ಬಿಡ್ತೀನಿ."

"ಎಬ್ಬಿಸಿದ್ರ ಇನ್ನೂ ಕೆಟ್ಟಿ. ನನ್ನ ಹಿಂದ ಇಬ್ರು ಬರಾಕತ್ತಾರ, ಅವರೂ ನೋಡ್ಯಾರ. ನಾ ಸುಮ್ಮನಿದ್ರ ನಾಳೆ ನನ್ನ ಚರ್ಮನ ನಿನ್ನ ಹಲಗಿಗೆ ಬರ್ತದ."

ಬಿಸಿಲು ಏರುವಷ್ಟರಲ್ಲಿ ಸಾಹೇಬರು ಬಂದರು. ಹೈದರಾಬಾದಿನ ಅತಿಥಿಗಳೂ ಜೊತೆಗಿದ್ದರು. ಬಂದೂಕುಗಳು ತೆಂಕಣ ದಂಡೆಯಲ್ಲಿ ಕೂತವು. ಹಕ್ಕಿಗಳನ್ನು ಆ ಕಡೆಗೆ ಎಬ್ಬಿಸಲು ಬಡಗಣ ದಂಡೆಯಿಂದ ಹಲಗೆ ಬಡಿಯಬೇಕೆಂದು ಹುಕುಂ ಆಯಿತು. ಹಲಗೆ ಮೆತ್ತಗಿತ್ತು. ಕಾಸಿ ಕೊಡು ಎಂದು ಮುದುಕಮ್ಮನಿಗೆ ಹೇಳಿದರು. ಅವಳು ಎಂದಿನಂತೆ ದಂಟು ಉರಿಸಿದಳು, ಎಂದಿನಂತೆ ಮುಟ್ಟಿ ನೋಡಿದಳು, ಮಗನ ಕೈಗೆ ಕೊಟ್ಟಳು.

ಅವನು ಬಡಿದ. ಹಕ್ಕಿಗಳು ಎದ್ದು ಅತ್ತ ಹಾರಿದವು. ಗುಂಡಿನ ಸದ್ದು ನಿಂತ ಮೇಲೆ ಅವನನ್ನು ನೀರಿಗಿಳಿಸಿದರು.

ಮಧ್ಯಾಹ್ನ ಇಳಿಯುವಾಗ ಮನೆಗೆ ಬಂದ. ಇನಾಮು ಎಂದು ಎಸೆದಿದ್ದ ಒಂದು ಹಕ್ಕಿ ಕೈಯಲ್ಲಿತ್ತು. ಅದನ್ನು ಅವ್ವನ ಮುಂದೆ ಇಟ್ಟ. ಅವಳು ಕೊರಳು ಸವರಿದಳು. ತಲೆಯ ಮೇಲೆ ಹೆಬ್ಬೆರಳನ್ನು ಹಿಂದಕ್ಕೂ ಮುಂದಕ್ಕೂ ಆಡಿಸಿದಳು. ಪಟ್ಟೆ ಬೆರಳಿಗೆ ಸಿಗಲಿಲ್ಲ. ಕೈ ಮುಂದೆ ಚಾಚಿದಾಗ ಮಗನ ತೊಯ್ದ ಧೋತರ ತಾಗಿತು. ಕೈ ಹಿಂದಕ್ಕೆ ಎಳೆದುಕೊಂಡಳು.

ತಡವರಿಸುತ್ತ ಎದ್ದು ದಂಟು ಉರಿಸಿದಳು. ಗಾಳೆಪ್ಪನ ಹಲ್ಲು ಕಟಕಟ ಅನ್ನುತ್ತಿದ್ದವು. ಒಲೆಯ ಹತ್ತಿರ ಸರಿದು ಕೂತ. ಅವಳು ಹಲಗೆಯನ್ನು ಎತ್ತಿ ಬೆಂಕಿಗೆ ಹಿಡಿದಳು.

"ಅದನ್ನ ಆಮ್ಯಾಲ ಕಾಸುಬೇ. ಮೊದಲು ನಾ ಕಾಸ್ಕೋತೀನಿ."

"ನಾಳೆ ಹಕ್ಕಿ ಬಂದ್ರ?"

"ಇನ್ನ ಬರಂಗಿಲ್ಲ ಅವು."

ಅವ್ವ ಹಲಗೆ ಇಳಿಸಲಿಲ್ಲ. ಬೆಂಕಿಗೂ ಮಗನಿಗೂ ನಡುವೆ ಹಿಡಿದುಕೊಂಡು, ಚರ್ಮ ಬಿಗಿಯಾಯಿತೇ ಎಂದು ಬೆರಳಿಂದ ಮುಟ್ಟಿ ಮುಟ್ಟಿ ನೋಡುತ್ತಿದ್ದಳು.