ನಾಳೆ ಮಂಡಿ ಏಳರ ತನಕ

ದಿನವೂ ಸಂಜೆ ಆರಕ್ಕೆ ಪ್ರೇಮಲತಾ ತಾನು ಕೆಲಸ ಮಾಡುವ ವರ್ತಕರ ಸಂಘದ ಆಫೀಸಿನ ಮೈಕಿನಲ್ಲಿ ಮಾತಾಡುತ್ತಾಳೆ. ಕಲಾಸಿಪಾಳ್ಯದ ಆ ತರಕಾರಿ ಮಂಡಿ ಬೀದಿಯಲ್ಲಿ ಅದು ಅವಳಿಗಿಂತ ಮೊದಲೇ ಬಂದ ರೂಢಿ. ನಾಳೆ ಮಂಡಿ ಎಷ್ಟು ಹೊತ್ತಿಗೆ ಶುರು, ಲಾರಿ ಯಾವ ಕಡೆ ನಿಲ್ಲಬೇಕು, ಯಾರ ಮೊಬೈಲ್ ಸಿಕ್ಕಿದೆ, ಇಷ್ಟೇ. ಅದನ್ನು ಕೇಳಿಸಿಕೊಂಡ ಮೇಲೆಯೇ ಹಮಾಲರು ಮನೆಗೆ ಹೋಗುವುದು, ಮಾಲೂರು ಕೋಲಾರದ ರೈತರಿಗೆ ಫೋನು ಹೋಗುವುದು. ಟಿವಿಯಲ್ಲಿ ಬಂದದ್ದನ್ನು ನಂಬದವರೂ ಮೈಕಿನಲ್ಲಿ ಬಂದದ್ದನ್ನು ನಂಬುತ್ತಿದ್ದರು.

ಆ ಸೋಮವಾರ ಐದೂವರೆ ದಾಟಿದರೂ ಏನು ಹೇಳಬೇಕೆಂದು ಅವಳಿಗೆ ಗೊತ್ತಿರಲಿಲ್ಲ. ಎರಡು ಸಾವಿರದ ಇಪ್ಪತ್ತರ ಮಾರ್ಚ್. ಹಿಂದಿನ ದಿನ ಊರೆಲ್ಲ ಬಾಗಿಲು ಹಾಕಿಕೊಂಡು ಒಳಗಿತ್ತು. ಸಂಜೆಯಾಗುತ್ತಲೇ ಚಾಮರಾಜಪೇಟೆಯ ಅವಳ ಬೀದಿಯಲ್ಲಿ ತಟ್ಟೆ ಬಡಿಯಲು ಜನ ಗುಂಪುಗುಂಪಾಗಿ ಹೊರಗೆ ಬಂದು, ರೋಗ ಹೋಯಿತೆಂಬಂತೆ ರಾತ್ರಿಯವರೆಗೆ ಹರಟಿದ್ದರು. ಬುಧವಾರ ಯುಗಾದಿ. ಹಬ್ಬದ ಮುನ್ನಾದಿನ, ಅಂದರೆ ನಾಳೆ, ಮಂಡಿ ಉಂಟೋ ಇಲ್ಲವೋ?

ಅವಳು ಪೊಲೀಸ್ ಸ್ಟೇಷನ್ನಿಗೆ ಫೋನು ಮಾಡಿದಳು.

"ಐದು ಜನಕ್ಕಿಂತ ಜಾಸ್ತಿ ನಿಲ್ಲಂಗಿಲ್ಲ ಮೇಡಂ," ಎಂದರು ಆ ಕಡೆಯವರು.

"ಹಾಗಾದ್ರೆ ಮಂಡಿ ಮುಚ್ಬೇಕಾ ಸರ್?"

"ಮುಚ್ಚಿ ಅಂತ ನಾನೆಲ್ಲಿ ಹೇಳ್ದೆ? ತರಕಾರಿ ಅಗತ್ಯ ವಸ್ತು."

"ಐದೇ ಜನದಲ್ಲಿ ಮಂಡಿ ಹೇಗೆ ಸರ್..."

"ಅದನ್ನ ವಾರ್ಡ್ ಆಫೀಸಲ್ಲಿ ಕೇಳಿ."

ವಾರ್ಡ್ ಆಫೀಸಿನವರು, ನಮಗಿನ್ನೂ ಏನೂ ಬಂದಿಲ್ಲ, ಸ್ಟೇಷನ್ನಿನಲ್ಲಿ ಕೇಳಿ ಎಂದರು. ಉಳಿದವರು ಸಂಘದ ಅಧ್ಯಕ್ಷರು, ಶಿವರುದ್ರಪ್ಪ. ಅವರು ಹಬ್ಬಕ್ಕೆಂದು ಆಗಲೇ ಊರು ಸೇರಿದ್ದರು. ನಾಲ್ಕನೆಯ ಸಲಕ್ಕೆ ಫೋನು ಎತ್ತಿದರು.

"ನೋಡೋಣಮ್ಮ."

"ಸರ್, ಆರು ಗಂಟೆಗೆ ಹೇಳ್ಬೇಕು. ಜನ ಕೆಳಗೆ ಕಾಯ್ತಿದಾರೆ."

"ನೀನೇ ಏನಾದ್ರೂ ಹೇಳ್ಬಿಡು. ನೀನು ಓದಿರೋಳು. ನನ್ನ ಹೆಸರು ಮಾತ್ರ ತರ್ಬೇಡ."

ಓದು ಎಂದರೆ ಸಂಜೆ ಕಾಲೇಜಿನ ಬಿ.ಕಾಂ. ಅದರಲ್ಲಿ ಇಂಥದ್ದಕ್ಕೆ ಉತ್ತರ ಇರಲಿಲ್ಲ. ಮುಚ್ಚಿದೆ ಎಂದು ಹೇಳಿಬಿಡಬೇಕೆಂದು ಅವಳ ಮನಸ್ಸು ಎಳೆಯುತ್ತಿತ್ತು. ಆದರೆ ಅದು ಬೀದಿಯ ಒಳ್ಳೆಯದಕ್ಕೋ, ತನ್ನ ಮನೆಯ ಸಲುವಾಗಿಯೋ ಎಂಬ ಸಂಶಯ ಅವಳನ್ನು ಬಿಡಲಿಲ್ಲ.

ಮನೆಯಲ್ಲಿ ಅವಳ ಅಪ್ಪ ಅಣ್ಣಯ್ಯಪ್ಪ ಇದ್ದ. ಉಬ್ಬಸದವನು. ದೀಪಾವಳಿಯ ಹೊಗೆಗೆ ಆಸ್ಪತ್ರೆ ಸೇರಿ ಬಂದಿದ್ದ. ಇನ್ನೊಂದು ಸಲ ಏನಾದರೂ ಎದೆಗೆ ಇಳಿದರೆ ನಮ್ಮ ಕೈಲಿಲ್ಲ ಎಂದು ಡಾಕ್ಟರು ಅವಳನ್ನು ಪಕ್ಕಕ್ಕೆ ಕರೆದು ಹೇಳಿದ್ದರು. ಅವನು ಇದೇ ಮಂಡಿಯ ದಲ್ಲಾಳಿ, ಟವೆಲ್ ದಲ್ಲಾಳಿ. ಅವನ ಹೆಗಲ ಮೇಲಿನ ಟವೆಲ್ಲಿನ ಕೆಳಗೆ ಮಾರುವವನು ಅವನ ಬೆರಳು ಹಿಡಿದು ತನ್ನ ಬೆಲೆ ಹೇಳಬೇಕು, ಕೊಳ್ಳುವವನು ಹಿಡಿದು ತನ್ನದನ್ನು ಹೇಳಬೇಕು. ಎರಡೂ ಕೂಡಿಬರುವ ತನಕ ಅವನ ಕೈ ಟವೆಲ್ಲಿನ ಕೆಳಗೇ ಇರುತ್ತದೆ. ಬೆಲೆ ಮೂರನೆಯವನಿಗೆ ತಿಳಿಯುವುದಿಲ್ಲ, ಜಗಳವಿಲ್ಲ. ಬೆಳಗಾಗುವಷ್ಟರಲ್ಲಿ ಮಂಡಿಯ ಅರ್ಧ ಜನ ಆ ಕೈಯನ್ನು ಹಿಡಿದು ಹೋಗಿರುತ್ತಾರೆ.

"ಮಂಡಿ ಇಲ್ಲ ಅಂತ ಮೈಕಲ್ಲಿ ಬಂದ್ರೆ ನಾನ್ಯಾಕೆ ಹೋಗ್ಲಿ ಅಮ್ಮಣ್ಣಿ?" ಎಂದು ಬೆಳಿಗ್ಗೆ ಅಪ್ಪ ಹೇಳಿದ್ದ. "ಇದೆ ಅಂತ ಬಂದ್ರೆ ಮಾತ್ರ ಮನೇಲಿ ಕೂರೋಕಾಗಲ್ಲ."

ಹೊತ್ತಾಗುತ್ತಿದ್ದಂತೆ ಈರುಳ್ಳಿ ಮಂಡಿಯ ಮುರುಗೇಶ್ ಮೆಟ್ಟಿಲು ಹತ್ತಿ ಬಂದ. ಅವನ ಹಿಂದೆ ಮಾವಿನ ಸೊಪ್ಪು, ಬೇವಿನ ಸೊಪ್ಪು ಮಾರುವ ಚಿಕ್ಕಮುನಿಯಮ್ಮ.

"ಏನ್ ಮೇಡಮ್ಮನೋರೇ, ನಾಳೆ ಪ್ರಪಂಚ ಇರುತ್ತಾ?" ಎಂದ ಮುರುಗೇಶ್.

"ತಮಾಷೆ ಬೇಡ ಅಣ್ಣ. ಟವೆಲ್ ವ್ಯಾಪಾರಾನಾದ್ರೂ ನಿಲ್ಲಿಸ್ಬೇಕು. ಕೈಯಿಂದಾನೇ ಹರಡುತ್ತಂತೆ."

"ಅದಕ್ಕೇ ಹೇಳ್ತಿರೋದು. ಜನ ಈಗ ಮುಖಕ್ಕೆ ಬಟ್ಟೆ ಕಟ್ಕೊಳ್ತಿದಾರೆ. ನಾವು ತಾತನ ಕಾಲದಿಂದ ಕೈಗೂ ಬಟ್ಟೆ ಮುಚ್ಕೊಂಡೇ ವ್ಯಾಪಾರ ಮಾಡೋರು. ನಮ್ಮಷ್ಟು ಭದ್ರ ಯಾರಿದಾರೆ ಹೇಳು."

ಅವನು ನಗಲಿಲ್ಲ. ಅದು ಹಾಸ್ಯವಲ್ಲ, ಅವನು ನಂಬಿದ್ದ ಮಾತು ಎಂದು ಅವಳಿಗೆ ಗೊತ್ತಾಯಿತು. ಬೀದಿಯಲ್ಲಿ ಬಹಳ ಜನ ಹಾಗೆಯೇ ನಂಬಿದ್ದರು. ಬಟ್ಟೆ ಮುಚ್ಚಿದೆ, ಹಾಗಾಗಿ ತೊಂದರೆಯಿಲ್ಲ.

"ಅಣ್ಣ, ಬಟ್ಟೆ ಮೇಲಿರುತ್ತೆ. ಕೆಳಗೆ ಕೈಗೆ ಕೈ ತಾಗಿರುತ್ತಲ್ಲ."

"ನೀನು ಓದಿದೀಯ, ಹೇಳ್ತೀಯ," ಎಂದು ಅವನು ಕಿಟಕಿಯ ಕಡೆ ತಿರುಗಿದ.

"ನಂಗೆ ಅದೆಲ್ಲ ಗೊತ್ತಾಗಲ್ಲ ಕಣವ್ವಾ," ಎಂದಳು ಚಿಕ್ಕಮುನಿಯಮ್ಮ. "ಆಟೋ ತುಂಬ ಸೊಪ್ಪು ಬಂದು ಬಿದ್ದೈತೆ. ನಾಳೆ ಮಾರ್ದೆ ನಾಡಿದ್ದು ಮಾರಕ್ಕಾಯ್ತದಾ? ಬೇಡ ಅಂದ್ರೆ ಈಗ್ಲೇ ಹೇಳ್ಬುಡು, ದನಕ್ಕಾದ್ರೂ ಹಾಕ್ತೀನಿ."

ಪ್ರೇಮಲತಾ ಒಂದು ಹಾಳೆ ತೆಗೆದುಕೊಂಡು ಬರೆದಳು, ಹೊಡೆದು ಹಾಕಿದಳು, ಮತ್ತೆ ಬರೆದಳು. ಪೂರ್ತಿ ಮುಚ್ಚಿದರೆ ಈ ಹೆಂಗಸಿನಂಥವರು ಹಾಳಾಗುತ್ತಾರೆ. ಎಂದಿನಂತೆ ತೆರೆದರೆ ಜನ ಮಧ್ಯಾಹ್ನದ ತನಕ ಮುತ್ತಿಕೊಂಡಿರುತ್ತಾರೆ. ಹೊತ್ತು ಕಡಿಮೆ ಮಾಡಿದರೆ ಜನವೂ ಕಡಿಮೆಯಾಗಬಹುದು. ಟವೆಲ್ ಬೇಡವೆಂದರೆ ಅಪ್ಪನಿಗೆ ಕೆಲಸವೇ ಇರುವುದಿಲ್ಲ, ಮನೆಯಲ್ಲಿ ಉಳಿಯುತ್ತಾನೆ. ಎಲ್ಲ ಕಡೆಯಿಂದಲೂ ಯೋಚಿಸಿದ್ದೇನೆ ಎಂದು ಅವಳಿಗೆ ಸ್ವಲ್ಪ ಸಮಾಧಾನವಾಯಿತು.

ಮೈಕು ಹಾಕಿದಳು.

"ನಾಳೆ ಮಂಡಿ ಬೆಳಿಗ್ಗೆ ಏಳರ ತನಕ ಮಾತ್ರ. ದೂರ ದೂರ ನಿಲ್ಲಬೇಕು. ಟವೆಲ್ ವ್ಯಾಪಾರ ಇಲ್ಲ, ಬೆಲೆ ಬಾಯಲ್ಲೇ ಹೇಳಬೇಕು."

ಕೆಳಗೆ ಜನ ಇನ್ನೂ ಮೇಲೆ ನೋಡುತ್ತಿದ್ದರು. ತನ್ನ ದನಿ ತನಗೇ ತೀರ ಹಗುರವಾಗಿ ಕೇಳಿಸಿತು. ಆಗ ಅವಳು ಹಾಳೆಯಲ್ಲಿ ಇಲ್ಲದ ಒಂದು ಮಾತು ಸೇರಿಸಿದಳು.

"ಇದು ಮೇಲಿನವರ ಆದೇಶ."

ಮಂಗಳವಾರ ಇನ್ನೂ ಬೆಳಕಾಗುವ ಮುಂಚೆ ಅವಳು ಮನೆ ಬಿಟ್ಟಾಗ ಅಪ್ಪ ಗೋಡೆಯ ಕಡೆ ತಿರುಗಿ ಮಲಗಿದ್ದ. ಉಸಿರಿನ ಸಣ್ಣ ಸೀಟಿ ಕೇಳುತ್ತಿತ್ತು. ಎಬ್ಬಿಸಲಿಲ್ಲ.

ಮಂಡಿ ಬೀದಿಯ ತಿರುವಿಗೆ ಬಂದಾಗಲೇ ಗದ್ದಲ ಕೇಳಿಸಿತು. ಬೇರೆ ದಿನವಾದರೆ ಕೊಳ್ಳುವವರು ಒಬ್ಬರ ಹಿಂದೊಬ್ಬರಂತೆ ಮಧ್ಯಾಹ್ನದವರೆಗೆ ಬಂದು ಹೋಗುತ್ತಿದ್ದರು. ಇಂದು ಏಳರೊಳಗೆ ಮುಗಿಯಬೇಕೆಂದು ಎಲ್ಲರೂ ಒಟ್ಟಿಗೇ ಬಂದಿದ್ದರು. ಬಸವನಗುಡಿಯ ತಳ್ಳುಗಾಡಿಯವರು, ವಿಶ್ವೇಶ್ವರಪುರದ ಅಂಗಡಿಯವರು, ಚೀಲ ಹಿಡಿದ ಮನೆಮಂದಿ. ಮೂಟೆ ಇಳಿಸಲು ಜಾಗವಿರಲಿಲ್ಲ. ಹಮಾಲರು ಜನರ ತಲೆಯ ಮೇಲಿಂದಲೇ ಮೂಟೆ ದಾಟಿಸುತ್ತಿದ್ದರು. ಮುಖಕ್ಕೆ ಕರವಸ್ತ್ರ, ಸೆರಗು, ದುಪಟ್ಟಾ ಕಟ್ಟಿದ್ದ ಜನ ಮೈಗೆ ಮೈ ಒತ್ತಿಕೊಂಡು ನಿಂತಿದ್ದರು. ಹೊತ್ತು ಕಡಿಮೆ ಮಾಡಿ ಜನವನ್ನು ಕಡಿಮೆ ಮಾಡಲು ಹೊರಟವಳು ಎಲ್ಲರನ್ನೂ ಒಂದೇ ಹಿಡಿಯಲ್ಲಿ ಹಿಂಡಿದ್ದಳು.

ಮೇಲೆ ಹೋಗಿ ಮೈಕು ಹಾಕಿದಳು. "ದಯವಿಟ್ಟು ದೂರ ನಿಲ್ಲಿ. ಗಡಿಬಿಡಿ ಬೇಡ." ಕೆಳಗಿನ ಕೂಗಾಟದಲ್ಲಿ ಅದು ಯಾರಿಗೂ ಕೇಳಿಸಲಿಲ್ಲ.

ಬೆಲೆಯನ್ನು ಬಾಯಲ್ಲಿ ಹೇಳಲು ಮೊದಮೊದಲು ಕೆಲವರು ನೋಡಿದರು. ಒಬ್ಬ ರೈತ ಬೀನ್ಸಿನ ಬೆಲೆ ಕೂಗಿದ. ಪಕ್ಕದ ನಾಲ್ವರು ತಮಗೂ ಅಷ್ಟಕ್ಕೇ ಬೇಕೆಂದು ಅವನ ಮೇಲೆ ಬಿದ್ದರು. ಮಾತು ಬೆಳೆದು ಅಂಗಿ ಹಿಡಿದುಕೊಂಡರು. ಆಮೇಲೆ ಯಾರೂ ಬೆಲೆ ಕೂಗಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಅದೇ ಜಾಗದಲ್ಲಿ ಜನ ಎರಡಾಗಿ ಸರಿದು ಯಾರಿಗೋ ದಾರಿ ಬಿಟ್ಟದ್ದು ಅವಳಿಗೆ ಕಿಟಕಿಯಿಂದ ಕಂಡಿತು. ನಡುವೆ ಬರುತ್ತಿದ್ದವನು ಅವಳ ಅಪ್ಪ. ಹೆಗಲ ಮೇಲೆ ಟವೆಲ್.

ಅವಳು ಮುರುಗೇಶನಿಗೆ ಫೋನು ಮಾಡಿದಳು. ಕೆಳಗೆ ಅವನು ಫೋನು ಕಿವಿಗಿಟ್ಟದ್ದೂ ಕಾಣುತ್ತಿತ್ತು.

"ಅಪ್ಪನ್ನ ಯಾರು ಕರೆದಿದ್ದು?"

"ನಾನೇ. ಇನ್ನೇನ್ಮಾಡ್ಲಿ? ಏಳಕ್ಕೆ ಮುಚ್ಬೇಕು ಅಂತೀಯ, ಒಂದು ವ್ಯಾಪಾರ ಕುದುರ್ತಿಲ್ಲ. ಅಣ್ಣಯ್ಯಪ್ಪ ಬಂದ್ರೆ ಒಂದೇ ಗಳಿಗೇಲಿ ಮುಗಿಯುತ್ತೆ."

"ವಾಪಸ್ ಕಳಿಸು ಅಣ್ಣ. ಕಾಲಿಗೆ ಬೀಳ್ತೀನಿ."

"ಈಗ ಕಳ್ಸಿದ್ರೆ ಜನ ನನ್ನ ಬಿಡ್ತಾರಾ? ನೀನೇ ನೋಡ್ತಿದೀಯಲ್ಲ."

ಅವಳು ಮೈಕಿನಲ್ಲಿ ಅಪ್ಪನ ಹೆಸರು ಹಿಡಿದು ಕರೆದಳು, ಎರಡು ಸಲ. ಅಣ್ಣಯ್ಯಪ್ಪ ಮೇಲೆ ನೋಡಿ, ಬಿಡುವಾಗಿದ್ದ ಕೈ ಎತ್ತಿ, ಬಂದೆ ಎಂಬಂತೆ ಆಡಿಸಿದ. ಇನ್ನೊಂದು ಕೈ ಟವೆಲ್ಲಿನ ಕೆಳಗೆ ಯಾರದೋ ಹಿಡಿತದಲ್ಲಿತ್ತು. ಸುತ್ತಲೂ ಜನ ತಮ್ಮ ಸರದಿಗೆ ಕೈ ಚಾಚಿಕೊಂಡೇ ನಿಂತಿದ್ದರು.

ಅಷ್ಟರಲ್ಲಿ ಕಾನ್‌ಸ್ಟೇಬಲ್ ಮುತ್ತುರಾಜ್ ಲಾಠಿ ಹಿಡಿದು ಏದುಸಿರಿನಲ್ಲಿ ಮೇಲೆ ಬಂದ.

"ಏನ್ ಮೇಡಂ ಇದು, ಜಾತ್ರೆ ಆಗೋಗಿದೆ. ಏಳು ಗಂಟೆ ಅಂತ ಯಾರು ಮಾಡಿದ್ದು?"

"ಮುಚ್ಚಿಸ್ಬಿಡಿ ಸರ್. ಈಗ್ಲೇ."

"ನಾನು ಮುಚ್ಚಿಸೋಕೆ ಬರುತ್ತಾ? ಆದೇಶ ಇದೆಯಲ್ಲ." ಅವನು ಫೋನು ತೆಗೆದು ತೋರಿಸಿದ. "ನಿನ್ನೆ ರಾತ್ರಿಯಿಂದ ಎಲ್ಲ ಗ್ರೂಪಲ್ಲೂ ಓಡಾಡ್ತಿದೆ. ಬೇರೆ ಮಾರ್ಕೆಟ್‌ನೋರೂ ಏಳಕ್ಕೇ ಮಾಡ್ಕೊಂಡವ್ರೆ. ವಾರ್ಡ್ ಆಫೀಸಿಂದ್ಲೇ ನಮಗೆ ಬಂತು."

ಫೋನಿನಲ್ಲಿ ಒಂದು ಧ್ವನಿ ತುಣುಕಿತ್ತು. ಅವನು ಒತ್ತಿದ. ಕರಕರ ಸದ್ದಿನ ನಡುವೆ ಒಬ್ಬ ಹೆಂಗಸು ಗಟ್ಟಿಯಾಗಿ, ಸ್ವಲ್ಪವೂ ಅಳುಕಿಲ್ಲದೆ ಹೇಳುತ್ತಿದ್ದಳು: ನಾಳೆ ಮಂಡಿ ಬೆಳಿಗ್ಗೆ ಏಳರ ತನಕ ಮಾತ್ರ... ಇದು ಮೇಲಿನವರ ಆದೇಶ.

"ಸರ್, ಇದು ನಾನು," ಎಂದಳು ಪ್ರೇಮಲತಾ.

"ನೀವು ಹೇಳಿದ್ದು ಗೊತ್ತು. ಯಾರು ಹೇಳಿ ಹೇಳಿದ್ರಿ?"

"ಯಾರೂ ಹೇಳ್ಲಿಲ್ಲ."

ಮುತ್ತುರಾಜ್ ಅವಳ ಮುಖವನ್ನೇ ನೋಡಿದ. ಬೈಯುತ್ತಾನೆಂದುಕೊಂಡಳು. ಅವನು ಬೈಯಲಿಲ್ಲ. ಫೋನನ್ನು ಜೇಬಿಗೆ ಹಾಕಿಕೊಂಡು, ಮೆಲ್ಲಗೆ, "ನಾವೂ ಅದನ್ನೇ ನಂಬ್ಕೊಂಡಿದ್ವಿ," ಎಂದ. ಆಮೇಲೆ ಜನರನ್ನು ಚದುರಿಸಲು ಕೆಳಗಿಳಿದ.

ಏಳಾದ ಮೇಲೂ ಜನ ಕರಗಲಿಲ್ಲ. ಬಿಸಿಲು ಚುರುಕಾದ ಮೇಲೆ ಅಣ್ಣಯ್ಯಪ್ಪ ಮೆಟ್ಟಿಲು ಹತ್ತಿ ಬಂದ. ನಡುವೆ ನಿಂತು ಉಸಿರು ಎಳೆದುಕೊಂಡದ್ದು ಕೇಳಿಸಿತು. ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತ.

"ಬೈಬೇಡ ಅಮ್ಮಣ್ಣಿ. ಬೇಗ ಬೇಗ ಮುಗಿಸ್ಬಿಟ್ಟೆ."

ಅವಳು ಸೋಪು, ನೀರಿನ ಚೆಂಬು ತಂದು ಅವನ ಕೈಯನ್ನು ಬಕೆಟ್ಟಿನ ಮೇಲೆ ತಾನೇ ಉಜ್ಜಿ ಉಜ್ಜಿ ತೊಳೆದಳು. ಅವನು ಮಗುವಿನಂತೆ ಕೈ ಕೊಟ್ಟು ಕೂತಿದ್ದ.

"ಒಬ್ಬಂದು ಮಾತ್ರ," ಎಂದ.

"ಏನು?"

"ಒಬ್ಬನ ಕೈ ಸುಡ್ತಿತ್ತು. ಕೆಂಡ ಹಿಡ್ಕೊಂಡಂಗೆ. ಬೆಲೆ ಒಪ್ಪೋಕೂ ಅವನ ಬೆರಳಲ್ಲಿ ಶಕ್ತಿ ಇರ್ಲಿಲ್ಲ."

ಅವಳ ಕೈ ನಿಂತಿತು. "ಯಾರು ಅಪ್ಪಾ?"

"ಎಲ್ರೂ ಮುಖಕ್ಕೆ ಕಟ್ಕೊಂಡಿದ್ರಲ್ಲ. ಆ ನೂಕಾಟದಲ್ಲಿ ಯಾರಂತ ನೋಡ್ಲಿ?"

"ಮೊದಲು ಬಂದಿದ್ನಾ, ಕೊನೇಲಾ?"

ಅಣ್ಣಯ್ಯಪ್ಪ ಯೋಚಿಸಿದ. "ಶುರುನಲ್ಲೇ ಇರ್ಬೇಕು. ಅವನಾದ್ಮೇಲೆ ತುಂಬ ಜನ ಬಂದ್ರು."

ಮೇಜಿನ ಮೇಲೆ ಫೋನು ಬಡಿದುಕೊಳ್ಳತೊಡಗಿತು. ವಾರ್ಡ್ ಆಫೀಸಿನವರು. "ಮೇಡಂ, ನಾಳೆಗೆ ಏನು ಆದೇಶ ಬಂದಿದೆ?" ಎಂದು ಕೇಳಿದರು. ಅವಳು ಫೋನನ್ನು ಕೆಳಗಿಟ್ಟು, ಮೈಕಿನ ಗುಂಡಿ ಒತ್ತಿದಳು. ಏನು ಹೇಳಬೇಕೆಂದು ಬರೆದುಕೊಳ್ಳಲಿಲ್ಲ.

"ಮಂಡಿ ಮುಚ್ಚಿದೆ. ಯಾರ ಆದೇಶವೂ ಇಲ್ಲ, ನಾನು ಹೇಳ್ತಿದೀನಿ. ಇವತ್ತು ದಲ್ಲಾಳಿ ಅಣ್ಣಯ್ಯಪ್ಪನ ಕೈ ಹಿಡಿದವರಲ್ಲಿ ಒಬ್ಬರಿಗೆ ಜ್ವರ ಇದೆ. ಕೈ ಹಿಡಿದವರೆಲ್ಲ ಮನೆಯವರಿಂದ ದೂರ ಇರಿ. ಜ್ವರ ಇರೋರು ಕೈ ಎತ್ತಿ, ಆಸ್ಪತ್ರೆಗೆ ಕಳಿಸ್ತೀವಿ."

ಈ ಸಲ ಎಲ್ಲರಿಗೂ ಕೇಳಿಸಿತು. ಕೂಗಾಟ ತಟ್ಟನೆ ನಿಂತಿತು. ಯಾರೂ ಕೈ ಎತ್ತಲಿಲ್ಲ. ಜನ ಪಕ್ಕದವರ ಕೈಗಳನ್ನು ನೋಡಿದರು, ಆಮೇಲೆ ಒಬ್ಬೊಬ್ಬರಾಗಿ ಒಂದೊಂದು ಹೆಜ್ಜೆ ಹಿಂದಕ್ಕೆ ಸರಿದರು. ಮುರುಗೇಶ್ ತನ್ನ ಎರಡೂ ಅಂಗೈಗಳನ್ನು ಮೈಯಿಂದ ದೂರ ಹಿಡಿದುಕೊಂಡು, ಎಲ್ಲಿ ಇಡಬೇಕೆಂದು ತಿಳಿಯದವನಂತೆ ನಿಂತಿದ್ದ.

"ನನ್ನ ಹೆಸರು ಯಾಕೆ ಹೇಳ್ದೆ?" ಎಂದ ಅಪ್ಪ ಹಿಂದಿನಿಂದ. "ಇನ್ಮೇಲೆ ಯಾರು ನನ್ನ ಕೈ ಹಿಡೀತಾರೆ?"

ಅವಳು ತಿರುಗಿದಳು. ಅವನು ಏಳಲು ನೋಡಿ, ಆಗದೆ, ಹಿಡಿದು ಎಬ್ಬಿಸಲೆಂದು ಅವಳ ಕಡೆ ಕೈ ಚಾಚಿದ್ದ. ಸೋಪಿನ ನೀರು ಇನ್ನೂ ತೊಟ್ಟಿಕ್ಕುತ್ತಿತ್ತು. ಈಗ ತಾನೇ ಅವಳು ತೊಳೆದ ಕೈ. ಪ್ರೇಮಲತಾ ಒಂದು ಕ್ಷಣ ಇದ್ದಲ್ಲೇ ನಿಂತಳು, ಮತ್ತು ತಾನು ನಿಂತದ್ದನ್ನು ಅಪ್ಪ ಕಂಡದ್ದನ್ನೂ ಕಂಡಳು.