ತಪ್ಪಾಗಿ ಕಟ್ಟಿದ ಹಣ

ಕಾಗದ ಬಂದಾಗ ನನ್ನ ಕೈಯಲ್ಲಿ ಕತ್ತರಿ ಇತ್ತು. ಮೇಜಿನ ಮೇಲೆ ಹಲ್ಲಿನ ಡಾಕ್ಟರೊಬ್ಬರ ಕುರ್ಚಿಗೆ ಹೊದಿಸಬೇಕಾದ ರೆಗ್ಜಿನ್ ಹರಡಿಕೊಂಡಿತ್ತು. ಕೊರಿಯರ್‌ನವನಿಗೆ ಸಹಿ ಹಾಕಿಕೊಟ್ಟು, ಅದೇ ಕತ್ತರಿಯಿಂದ ಲಕೋಟೆ ಕೊಯ್ದೆ. ನಾಲ್ಕು ಸಾಲು ಓದುವಷ್ಟರಲ್ಲಿ ಮೈಯೆಲ್ಲ ಉರಿದುಹೋಯಿತು. ‘ತಾವು ಒಂಬತ್ತನೇ ಷರತ್ತನ್ನು ಉಲ್ಲಂಘಿಸಿರುವುದರಿಂದ ರಾಜಿ ಒಪ್ಪಂದ ರದ್ದಾಗಿದೆ. ಬಾಕಿ ನಾಲ್ಕು ಲಕ್ಷದ ಹನ್ನೆರಡು ಸಾವಿರವನ್ನು ಹದಿನೈದು ದಿನಗಳೊಳಗೆ ಕಟ್ಟದಿದ್ದಲ್ಲಿ ಒತ್ತೆ ಇಟ್ಟ ಹೊಲಿಗೆ ಯಂತ್ರವನ್ನೂ ಅಂಗಡಿಯ ಠೇವಣಿಯನ್ನೂ ವಶಕ್ಕೆ ತೆಗೆದುಕೊಳ್ಳಲಾಗುವುದು.’

ರದ್ದಂತೆ! ಐದು ತಿಂಗಳಿಂದ, ತಿಂಗಳಿಗೆ ಮೂವತ್ತು ಸಾವಿರ, ಒಂದು ದಿನ ತಪ್ಪದೆ ಐದನೇ ತಾರೀಖಿಗೆ ಕಟ್ಟಿದ್ದೇನೆ. ಚಪ್ಪಲಿ ಹರಿದರೆ ನಾನೇ ಹೊಲಿದುಕೊಂಡಿದ್ದೇನೆ. ಇನ್ನೆರಡು ಕಂತು ಕಟ್ಟಿದ್ದರೆ ಎಲ್ಲ ಮುಗಿದುಹೋಗುತ್ತಿತ್ತು. ಈಗ ಯಾವುದೋ ಒಂಬತ್ತನೇ ಷರತ್ತು ಎದ್ದು ಬಂದು ನನ್ನ ಅಂಗಡಿಯನ್ನು ಕೇಳುತ್ತಿದೆ.

ಫೈನಾನ್ಸ್ ಕಂಪನಿಯಲ್ಲಿ ಸಾಲ ಮಾಡಿದ್ದು ಅಮ್ಮನ ಕಾಯಿಲೆಗೆ. ಹದಿನಾಲ್ಕು ತಿಂಗಳು, ವಾರಕ್ಕೆರಡು ಸಲ ಡಯಾಲಿಸಿಸ್. ಸೋಫಾ, ಕುರ್ಚಿ ರಿಪೇರಿ ಮಾಡುವ ಈ ಅಂಗಡಿ ನನ್ನ ಹೆಸರಿನಲ್ಲಿರುವುದರಿಂದ ಸಾಲದ ಸಹಿಯೂ ನನ್ನದೇ. ಅಮ್ಮ ಹೋದಳು. ಸಾಲ ಮಾತ್ರ ಬಡ್ಡಿ, ಬಡ್ಡಿಗೆ ದಂಡ, ದಂಡಕ್ಕೆ ತೆರಿಗೆ ಎಂದು ಬೆಳೆದು ನಾಲ್ಕು ಲಕ್ಷದ ಎಂಬತ್ತು ಸಾವಿರಕ್ಕೆ ಬಂದು ನಿಂತಿತು.

ಅದನ್ನು ಇಳಿಸಿದವಳು ನಾನು. ಚೂರು ಫೋಮಿಗೂ ಚೌಕಾಸಿ ಮಾಡುವವಳು ಸಾಲಕ್ಕೆ ಬಿಡುತ್ತೇನೆಯೇ? ಹನ್ನೊಂದು ಸಲ ಫೋನು ಮಾಡಿದೆ, ನಾಲ್ಕು ಸಲ ಅವರ ಕಚೇರಿ ಮೆಟ್ಟಿಲು ಹತ್ತಿದೆ. ಲೆಕ್ಕದ ಪುಸ್ತಕ, ಬಾಡಿಗೆ ರಸೀದಿ, ಆಸ್ಪತ್ರೆ ಬಿಲ್ಲು ಎಲ್ಲವನ್ನೂ ಅವರ ಮೇಜಿನ ಮೇಲೆ ಗುಡ್ಡೆ ಹಾಕಿ, “ನನ್ನ ಕೈಲಾಗೋದು ಇಷ್ಟೇ. ಆಗಲ್ಲ ಅಂದ್ರೆ ಯಂತ್ರ ಎತ್ಕೊಂಡು ಹೋಗಿ, ಗುಜರಿಯವನು ಎಷ್ಟು ಕೊಡ್ತಾನೋ ನೋಡ್ಕೊಳ್ಳಿ” ಎಂದೆ. ಮೂರೂವರೆ ಲಕ್ಷದಿಂದ ಇಳಿಯುತ್ತ ಇಳಿಯುತ್ತ ಎರಡು ಲಕ್ಷದ ಹತ್ತು ಸಾವಿರಕ್ಕೆ ಬಂದರು. ಏಳು ಕಂತು, ಆಮೇಲೆ ಸಾಲ ಚುಕ್ತಾ.

ಅವತ್ತು ಮನೆಗೆ ಸಿಹಿ ತಂದಿದ್ದೆ. ಅಪ್ಪ ಒಂದು ಚೂರು ಬಾಯಿಗೆ ಹಾಕಿಕೊಂಡು, “ಅರ್ಧಕ್ಕೇ ಒಪ್ಕೊಂಡ್ರಾ?” ಎಂದ.

“ಅರ್ಧಕ್ಕಿಂತ ಕಡಿಮೆ!” ಎಂದೆ ಜಂಬದಿಂದ.

ಅಪ್ಪ ಎದ್ದು ಕೈ ತೊಳೆಯಲು ಹೋದ. ವಾಪಸ್ ಬಂದು ತಟ್ಟೆಯ ಮುಂದೆ ಕೂರಲಿಲ್ಲ. ನಾನು ಅದನ್ನು ಅಷ್ಟಾಗಿ ಗಮನಿಸಲಿಲ್ಲ, ಅದು ನನ್ನ ತಪ್ಪು.

ಗಮನಿಸಬೇಕಿತ್ತು. ಈ ಕಸುಬನ್ನು ನನಗೆ ಕಲಿಸಿದವನು ಅಪ್ಪ, ಅವನ ಹಟ ನನಗೆ ಗೊತ್ತಿರಬೇಕಿತ್ತು. ಹಳೆ ಸೋಫಾ ಬಿಚ್ಚಿದರೆ ಒಳಗೆ ಚಿಲ್ಲರೆ, ಪೆನ್ನು, ಬಾಚಣಿಗೆ, ಏನೇನೋ ಸಿಗುತ್ತದೆ. ನಮ್ಮ ಕಸುಬಿನವರೆಲ್ಲ ಆ ಚಿಲ್ಲರೆಯನ್ನು ಚಹಾಕ್ಕಾಯಿತು ಎಂದು ಜೇಬಿಗಿಳಿಸುತ್ತಾರೆ. ಅಪ್ಪ ಮಾತ್ರ ಎಣಿಸಿ, ಲಕೋಟೆಯಲ್ಲಿ ಹಾಕಿ, ಬಿಲ್ಲಿಗೆ ಪಿನ್ನು ಹೊಡೆದು ಗಿರಾಕಿಗೆ ಕೊಡುತ್ತಿದ್ದ. ಗಿರಾಕಿಗಳು ನಗುತ್ತಿದ್ದರು. ನಾನೂ ನಗುತ್ತಿದ್ದೆ. ರಾಜಿಯಾದ ಮರುತಿಂಗಳಿಂದ ಆ ಮನುಷ್ಯ ಮೊಣಕಾಲು ನೋವು ಎಂದು ಅಂಗಡಿಗೆ ಬರುವುದನ್ನೇ ಬಿಟ್ಟಿದ್ದ. ನಾನೊಬ್ಬಳೇ ಮೂರು ಸೀಟಿನ ಸೋಫಾಗಳನ್ನು ಎಳೆದಾಡಿಕೊಂಡು ಸೊಂಟ ಹಿಡಿಸಿಕೊಂಡಿದ್ದೆ.

ಅಂಗಡಿಗೆ ಬೀಗ ಹಾಕಿ ನೇರ ಅವರ ಕಚೇರಿಗೆ ಹೋದೆ. ರಾಜಿ ವಿಭಾಗದಲ್ಲಿ ಕೂರುವಾಕೆಗೆ ನಾನು ಜೇನುದನಿ ಎಂದು ಹೆಸರಿಟ್ಟಿದ್ದೆ. ಫೋನಿನಲ್ಲಿ ಅಷ್ಟು ಸಿಹಿಯಾಗಿ ಮಾತಾಡುತ್ತಿದ್ದಳು. ಎದುರಿಗೆ ಕೂತರೂ ಅದೇ ದನಿ.

“ನಾವೇನೂ ಮಾಡಿಲ್ಲಮ್ಮ. ನಿಮ್ಮ ಕಡೆಯಿಂದಾನೇ ಹಳೇ ಸಾಲದ ಖಾತೆಗೆ ದುಡ್ಡು ಬಂದಿದೆ.”

“ನಾನು ಕಟ್ಟಿರೋದು ರಾಜಿ ಖಾತೆಗೆ. ರಸೀದಿ ನೋಡಿ, ಐದೂ ಇದೆ.”

“ಅದು ಸರಿ. ಇದು ಬೇರೆ.” ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದಳು. “ಎರಡೂವರೆ ಸಾವಿರದ ಹಾಗೆ ಮೂರು ಸಲ, ಕೆಳಗಿನ ಕೌಂಟರ್‌ನಲ್ಲಿ ಕಟ್ಟಿದ್ದಾರೆ. ಒಂಬತ್ತನೇ ಷರತ್ತು ಓದಿದ್ರಲ್ವಾ? ಹಳೇ ಖಾತೆಗೆ ಒಂದು ಕಂತು ಬಂದ್ರೂ ಹಳೇ ಸಾಲಾನೇ ಒಪ್ಕೊಂಡಂಗೆ. ನೀವು ಕಟ್ಟಿದ ಒಂದೂವರೆ ಲಕ್ಷ ಬಡ್ಡಿಗೂ ದಂಡಕ್ಕೂ ಹೋಯ್ತು.”

“ಹೆಚ್ಚು ದುಡ್ಡು ಕಟ್ಟಿದ್ದಕ್ಕೆ ಶಿಕ್ಷೆನಾ? ಕಡಿಮೆ ಕಟ್ಟಿದ್ರೆ ಸರಿ, ತಪ್ಪದೆ ಕಟ್ಟಿದ್ರೆ ಸರಿ, ಜಾಸ್ತಿ ಕಟ್ಟಿದ್ರೆ ಅಂಗಡಿ ಕಿತ್ಕೊಳ್ತೀರಾ? ತಲೆ ನೆಟ್ಟಗಿದೆಯಾ ನಿಮಗೆ?”

ಪಕ್ಕದ ಮೇಜಿನವನು ತಲೆ ಎತ್ತಿ ನೋಡಿದ. ನೋಡಲಿ. ಜೇನುದನಿ ಮಾತ್ರ ಒಂದಿಷ್ಟೂ ಬಿಸಿಯಾಗದೆ ಚಲನ್ ತೋರಿಸಿದಳು. ಕೆಳಗೆ ಅಪ್ಪನ ಸಹಿ ಇತ್ತು. ಮೊಳೆ ಹೊಡೆದ ಹಾಗೆ ಒಂದೊಂದೇ ಅಕ್ಷರ ಬಿಡಿಸಿ ಬರೆಯುವ ಸಹಿ.

ಮನೆಗೆ ಓಡಿದರೆ ಬೀಗ. ಕೆಳಗಿನ ಮನೆಯ ನರ್ಸಮ್ಮ ಬಟ್ಟೆ ಒಣಗಿಸುತ್ತಿದ್ದಳು. “ನಿಮ್ಮಪ್ಪ ದಿನಾ ಹತ್ತು ಗಂಟೆಗೆ ಚೀಲ ತಗೊಂಡು ಸಿನಿಮಾ ಥಿಯೇಟರಿಗೆ ಹೋಗ್ತಾರಲ್ಲ, ನಿಂಗೆ ಗೊತ್ತಿಲ್ವಾ?” ಎಂದಳು. ನನಗೇನು ಗೊತ್ತು! ಮೊಣಕಾಲು ನೋವಿನವನು ಮನೆಯಲ್ಲಿ ಕಾಲು ಚಾಚಿಕೊಂಡು ಕೂತಿದ್ದಾನೆ ಎಂದು ನಾನು ದಿನವೂ ಎಣ್ಣೆ ಬಿಸಿ ಮಾಡಿ ತಿಕ್ಕುತ್ತಿದ್ದೆ.

ಥಿಯೇಟರಿನಲ್ಲಿ ಮ್ಯಾಟಿನಿಗೆ ಇನ್ನೂ ಹೊತ್ತಿತ್ತು. ದೀಪಗಳೆಲ್ಲ ಹತ್ತಿದ್ದವು. ಹನ್ನೆರಡನೇ ಸಾಲಿನಲ್ಲಿ, ಎರಡು ಸೀಟಿನ ನಡುವೆ, ಅಪ್ಪ ಮಂಡಿಯೂರಿ ಕೂತಿದ್ದ. ಬಾಯಲ್ಲಿ ಸಣ್ಣ ಮೊಳೆಗಳು, ಕೈಯಲ್ಲಿ ಸುತ್ತಿಗೆ. ಹರಿದ ಸೀಟಿಗೆ ಹೊಸ ಬಟ್ಟೆ ಎಳೆದು ಬಿಗಿಯುತ್ತಿದ್ದ.

“ಮೊಣಕಾಲು ಹೇಗಿದೆ?” ಎಂದೆ.

ಅಪ್ಪ ಬೆಚ್ಚಿದ. ಮೊಳೆಗಳನ್ನು ಒಂದೊಂದಾಗಿ ಅಂಗೈಗೆ ಉಗುಳಿಕೊಂಡ. ಆ ನಿಧಾನಕ್ಕೇ ನನ್ನ ಸಿಟ್ಟು ನೆತ್ತಿಗೇರಿತು.

“ನನ್ನ ಅಂಗಡೀಲಿ ಕೂರೋಕೆ ನಿನ್ನ ಮಂಡಿ ಬಗ್ಗಲ್ಲ, ಇಲ್ಲಿ ನೆಲದ ಮೇಲೆ ಹರಿದಾಡೋಕೆ ಬಗ್ಗುತ್ತೆ! ಕಳ್ಳನ ಹಾಗೆ ದುಡಿದು, ಕಳ್ಳನ ಹಾಗೆ ಹೋಗಿ ಕಟ್ಟಿ ಬಂದಿದ್ದೀಯಲ್ಲ, ಏನಾಯ್ತು ಗೊತ್ತಾ? ರಾಜಿ ಮುರಿದುಬಿತ್ತು. ಕಟ್ಟಿದ್ದು ಪೂರ್ತಿ ಮಣ್ಣುಪಾಲು. ಹದಿನೈದು ದಿನದಲ್ಲಿ ಯಂತ್ರ ಎತ್ಕೊಂಡು ಹೋಗ್ತಾರೆ.”

ಅಪ್ಪನ ಮುಖ ಬಿಳಿಚಿಕೊಂಡಿತು. “ಹಾಗಾಗುತ್ತೆ ಅಂತ ನಂಗೊತ್ತಿರ್ಲಿಲ್ಲ ಕಣೇ. ಕೌಂಟರ್‌ನಲ್ಲಿ ನಗ್‌ನಗ್ತಾ ಇಸ್ಕೊಂಡ್ರು.”

“ಇಸ್ಕೊಳ್ದೆ ಏನು ಮಾಡ್ತಾರೆ? ನನ್ನ ಕೇಳಬೇಕಿತ್ತು ತಾನೇ? ಯಾಕೆ ಕಟ್ಟಿದೆ? ಅವರೇ ಬಿಟ್ಟುಕೊಟ್ಟ ದುಡ್ಡನ್ನ ಯಾಕೆ ಕಟ್ಟಿದೆ?”

ಅಪ್ಪ ಸೀಟಿನ ಕೈ ಹಿಡಿದು ಎದ್ದು ನಿಂತ. ಎರಡು ಸಲ ಪ್ರಯತ್ನಪಟ್ಟ ಮೇಲೆ ಎದ್ದ. ಮಂಡಿ ನೋವು ಪೂರ್ತಿ ಸುಳ್ಳಾಗಿರಲಿಲ್ಲ.

“ಅದು ನಿಮ್ಮಮ್ಮನ ಸಾಲ,” ಎಂದ. “ಅವಳ ಔಷಧಿಗೆ, ಅವಳ ರಕ್ತ ತೊಳೆಯೋಕೆ ಕೊಟ್ಟ ದುಡ್ಡು. ನೀನು ಬಂದು ಅರ್ಧಕ್ಕಿಂತ ಕಡಿಮೆ ಅಂತ ಕುಣಿದೆ. ನಂಗೆ ಅವಳನ್ನೇ ಚೌಕಾಸಿ ಮಾಡಿದ ಹಾಗಾಯ್ತು. ಅವಳ ಮಟ್ಟಿಗಾದ್ರೂ ಪೂರ್ತಿ ತೀರಿಸೋಣ ಅಂತ.”

“ಪೂರ್ತಿನೇ? ತಿಂಗಳಿಗೆ ಎರಡೂವರೆ ಸಾವಿರದಲ್ಲಿ? ನಿಂಗೆ ಎಂಬತ್ತು ದಾಟುತ್ತೆ!”

“ದಾಟ್ಲಿ.”

ನನಗೆ ಅಳು ಬರಲಿಲ್ಲ, ಸಿಟ್ಟೇ ಬಂತು. “ಸತ್ತವಳ ಮಾನ ಉಳಿಸ್ತೀನಿ ಅಂತ ಬದುಕಿರೋಳ ಅನ್ನ ಕಿತ್ಕೊಂಡೆಯಲ್ಲಪ್ಪ. ಅವಳನ್ನ ಆಸ್ಪತ್ರೆಗೆ ಹೊತ್ಕೊಂಡು ಓಡಾಡಿದ್ದು ನಾನಲ್ವಾ? ಚೌಕಾಸಿ ಮಾಡಿದ್ದು ಅವರ ಬಡ್ಡಿಗೆ. ಅಮ್ಮನಿಗಲ್ಲ.” ಖಾಲಿ ಥಿಯೇಟರಿನಲ್ಲಿ ನನ್ನ ದನಿ ಕೊನೆಯ ಸಾಲಿನವರೆಗೂ ಹೋಯಿತು. ಗೇಟ್‌ಕೀಪರ್ ಬಾಗಿಲಿನಿಂದ ಇಣುಕಿ, ಅಪ್ಪ ಮಗಳ ಜಗಳ ಎಂದು ಗೊತ್ತಾಗಿ ಸುಮ್ಮನೆ ಹೊರಟುಹೋದ. ಅಪ್ಪ ಮೊಳೆಗಳನ್ನು ಡಬ್ಬಿಗೆ ಸುರಿದು ಮುಚ್ಚಳ ಹಾಕಿದ.

ಆಮೇಲೆ ಹದಿಮೂರು ದಿನ ನಾನು ಕಂಪನಿಯವರ ಜೀವ ತಿಂದೆ. ದೂರು ಬರೆದೆ, ಮೇಲಿನವರ ನಂಬರು ಹುಡುಕಿದೆ, ಬಾಯಿಗೆ ಬಂದದ್ದು ಅಂದೆ, ಆಮೇಲೆ ಕ್ಷಮಿಸಿ ಎಂದೂ ಅಂದೆ. ಹದಿನಾಲ್ಕನೇ ದಿನ ಜೇನುದನಿ ಫೋನು ಮಾಡಿ, ಒಂದು ದಾರಿ ಇದೆ, ನಿಮ್ಮ ತಂದೆಯವರನ್ನು ಕರೆದುಕೊಂಡು ಬನ್ನಿ ಎಂದಳು.

ದಾರಿ ಎಂದರೆ ಒಂದು ಹಾಳೆ. ಅಪ್ಪ ಕನ್ನಡಕ ಏರಿಸಿಕೊಂಡು ಗಟ್ಟಿಯಾಗಿ ಓದಿದ. “ಮೇಲ್ಕಂಡ ಸಾಲಕ್ಕೂ ನನಗೂ ಯಾವುದೇ ಸಂಬಂಧ ಇರುವುದಿಲ್ಲ. ಈ ಹಣವನ್ನು ನಾನು ತಪ್ಪಾಗಿ ಪಾವತಿಸಿರುತ್ತೇನೆ.” ಓದಿ ಹಾಳೆಯನ್ನು ಮೇಜಿನ ಮೇಲಿಟ್ಟ. “ಇದು ಸುಳ್ಳಲ್ವಾ ತಾಯಿ?”

“ಬರೀ ಫಾರಂ ಅಷ್ಟೇ ಸಾರ್. ಇದಕ್ಕೆ ಸಹಿ ಮಾಡಿದ್ರೆ ರಾಜಿ ಮತ್ತೆ ಚಾಲ್ತಿಗೆ ಬರುತ್ತೆ. ಎರಡು ಕಂತು ಕಟ್ಟಿದ್ರೆ ಮುಗೀತು.”

“ತಪ್ಪಾಗಿ ಕಟ್ಟಿದ್ದಾದ್ರೆ ನಮ್ಮಪ್ಪನ ಏಳೂವರೆ ಸಾವಿರ ವಾಪಸ್ ಕೊಡ್ತೀರಾ?” ಎಂದೆ ನಾನು.

“ಅದಕ್ಕೆ ಅವಕಾಶ ಇಲ್ಲಮ್ಮ.”

“ಓಹೋ. ತಪ್ಪು ನಮ್ಮದು, ದುಡ್ಡು ನಿಮ್ಮದು.”

ಅಪ್ಪ ನನ್ನ ಕೈ ಮುಟ್ಟಿ ಸುಮ್ಮನಿರಿಸಿದ. “ಷರತ್ತು ಗೊತ್ತಿರ್ಲಿಲ್ಲ, ಅದು ನಿಜ. ಬೇಕಾದ್ರೆ ಹಾಗಂತ ಬರ್ಕೊಡ್ತೀನಿ. ಆದ್ರೆ ದುಡ್ಡು ತಿಳಿದೇ ಕಟ್ಟಿದ್ದು. ಸಂಬಂಧ ಇಲ್ಲ ಅಂತ ಹೇಗೆ ಹೇಳ್ಲಿ? ನಲವತ್ತೊಂದು ವರ್ಷ ಸಂಸಾರ ಮಾಡಿದ್ದೀನಿ.”

“ಫಾರಂ ಬದಲಾಯಿಸೋಕೆ ನಂಗೆ ಅಧಿಕಾರ ಇಲ್ಲ ಸಾರ್. ಇವತ್ತೇ ಕಂಪ್ಯೂಟರಿಗೆ ಏರಿಸಬೇಕು, ನಾಳೆ ಕಡತ ವಸೂಲಿಯವರ ಕೈಗೆ ಹೋಗುತ್ತೆ.”

ಅಪ್ಪ ನನ್ನ ಕಡೆ ತಿರುಗಿದ. “ನೀನು ಹೇಳು. ಹಾಕ್ಲಾ?”

ಎರಡು ವಾರದಿಂದ ನಾನು ಬೇಡಿದ್ದು ಇದನ್ನೇ. ಬೇರೆಯವರ ಚಿಲ್ಲರೆ ಕಾಸಿಗೂ ಲಕೋಟೆ ಮಾಡಿದ ಮನುಷ್ಯನ ಕೈಯಲ್ಲಿ ಸುಳ್ಳು ಬರೆಸಿಯಾದರೂ ಅಂಗಡಿ ಉಳಿಯಲಿ ಎಂದು. ಈಗ ಅವನ ಮುಖ ನೋಡಿದರೆ ನನಗೆ ಆ ಕಚೇರಿಯ ಮೇಜು ಕುರ್ಚಿಗಳನ್ನೆಲ್ಲ ಒದ್ದು ಪುಡಿ ಮಾಡಬೇಕೆನಿಸಿತು. ಆದರೆ ನನಗೆ ಆ ಯಂತ್ರ ಬೇಕು. ನಾಳೆ ಊಟ ಮಾಡಬೇಕು, ಅವನಿಗೂ ಹಾಕಬೇಕು.

“ಹಾಕಪ್ಪ,” ಎಂದೆ.

ಅಪ್ಪ ಸಹಿ ಮಾಡಿದ, ಒಂದೊಂದೇ ಅಕ್ಷರ ಬಿಡಿಸಿ. ಜೇನುದನಿ ಹಾಳೆಯನ್ನು ಎಳೆದುಕೊಂಡು ಮತ್ತೆ ಅವನ ಮುಂದೆ ತಳ್ಳಿದಳು.

“ಇಲ್ಲಿ ಒಂದು ಬಿಟ್ಟಿದ್ದೀರಿ. ತಪ್ಪಾಗಿ ಪಾವತಿಸಲು ಕಾರಣ. ಖಾಲಿ ಬಿಟ್ರೆ ಕಂಪ್ಯೂಟರ್ ತಗೊಳ್ಳಲ್ಲ. ಮಾಹಿತಿ ಇಲ್ಲದೆ ಅಂತ ಬರೀರಿ ಸಾಕು.”

ಅಪ್ಪ ಮತ್ತೆ ಪೆನ್ನು ಎತ್ತಿಕೊಂಡ. ಆಮೇಲೆ ಬಗ್ಗಿ ಬರೆದು, ಹಾಳೆಯನ್ನು ಆಕೆಯ ಕಡೆ ತಿರುಗಿಸಿಟ್ಟ.

ಆಕೆ ಓದಿದಳು. ಅವಳ ದನಿಯಲ್ಲಿ ಮೊದಲ ಸಲ ಜೇನು ಇರಲಿಲ್ಲ. “ಇದೇನ್ ಸಾರ್? ‘ನನ್ನ ಹೆಂಡತಿ’ ಅಂದ್ರೆ? ಹೀಗೆ ಬರೆಯೋ ಹಾಗಿಲ್ಲ.”

“ಯಾಕಿಲ್ಲ?” ನಾನು ಎದ್ದು ನಿಂತೆ. ಮೇಜಿನ ಮೇಲಿದ್ದ ಸೀಲನ್ನು ಎತ್ತಿ ಅವಳ ಕೈಗೇ ಕೊಟ್ಟೆ. “ಕಾರಣ ಕೇಳಿದ್ರಿ, ಬರೆದಿದ್ದಾರೆ. ಖಾಲಿ ಇಲ್ವಲ್ಲ? ಒತ್ತಿ.”

ಆಕೆ ನನ್ನ ಮುಖ ನೋಡಿದಳು, ಗಡಿಯಾರ ನೋಡಿದಳು. ಸೀಲನ್ನು ಶಾಯಿಗೆ ಅದ್ದಿ ಎತ್ತಿದಳು.

“ಸ್ವಲ್ಪ ಪಕ್ಕಕ್ಕೆ ಒತ್ತಿ ತಾಯಿ,” ಎಂದ ಅಪ್ಪ. “ಅವಳ ಮೇಲೆ ಬೇಡ.”