ಮೇಣ ಹಿಡಿದ ಅಂಗೈ

ರೇಷನ್ ಅಂಗಡಿಯ ಯಂತ್ರ ಸುಂದ್ರವ್ವನ ಬೆರಳನ್ನು ಗುರುತಿಸಲಿಲ್ಲ. ‘ಮ್ಯಾಚ್ ನಹೀ ಹುವಾ’, ಗುರುತು ಹೊಂದಲಿಲ್ಲ, ಎಂದು ಅಂಗಡಿಯವನು ಅಕ್ಕಿ ಕೊಡದೆ ಕಳಿಸಿದ.

ವಡಾಲದ ಚಾಳಿನ ಖೋಲಿಗೆ ಬಂದವಳೇ ಸುಂದ್ರವ್ವ ಖಾಲಿ ಚೀಲವನ್ನು ಮೂಲೆಗೆ ಒಗೆದಳು. ನೆಲದ ಮೇಲೆ ಮಗಳು ನಾಗರತ್ನಾ ಚಿತ್ರಕ್ಕೆಂದು ತುಸು ಹೊತ್ತಿನ ಹಿಂದೆ ಬಿಸಿ ಮೇಣ ಹೊಯ್ದಿದ್ದ ಹಲಗೆ ಆರುತ್ತಿತ್ತು. ಹೊಸ ನೆಲ ಕಂಡರೆ ಗಟ್ಟಿಯಾಯಿತೋ ಇಲ್ಲವೋ ಎಂದು ಅಂಗೈ ಒತ್ತಿ ನೋಡುವುದು ಗಾರೆ ಕೆಲಸದವರ ರೂಢಿ. ಸುಂದ್ರವ್ವ ಯೋಚಿಸಲಿಲ್ಲ, ಒತ್ತಿದಳು.

“ಅವ್ವಾ! ಏನ ಮಾಡಿದಿ? ಎಲ್ಲಾ ಹಾಳಾತಲ್ಲ!”

“ಇನ್ನೂ ಹಸಿ ಐತಿ. ನೀರು ಹೆಚ್ಚಾಗೇತೇನು?”

ಬೈಯಲು ಬಾಯಿ ತೆರೆದ ನಾಗರತ್ನಾ ಹಲಗೆಯತ್ತ ಬಗ್ಗಿದಳು. ಅಂಗೈಯ ಒಂದೊಂದು ಬಿರುಕನ್ನೂ ಮೇಣ ಹಿಡಿದಿಟ್ಟಿತ್ತು. ಬೆರಳ ತುದಿಗಳಲ್ಲಿ ಮಾತ್ರ ಏನೂ ಇರಲಿಲ್ಲ, ಉಜ್ಜಿದ ಹಂಚಿನಂತೆ ನುಣುಪು. ಅಲ್ಲಿದ್ದ ಗೆರೆಗಳನ್ನು ಈ ಊರಿನ ಕಟ್ಟಡಗಳು ತಿಂದುಕೊಂಡಿದ್ದವು. ತಿಂದ ಊರೇ ಈಗ, ನೀನು ಯಾರು, ಗೆರೆ ತೋರಿಸು ಎನ್ನುತ್ತಿತ್ತು.

ಎನ್‌ಕಾಸ್ಟಿಕ್ ಎಂಬ ಈ ವಿದ್ಯೆಯನ್ನು ಕಲಾಶಾಲೆಯಲ್ಲಿ ಶೈಲಾ ಮೇಡಂ ಒಂದೇ ಸಲ ತೋರಿಸಿದ್ದರು. ಜೇನುಮೇಣಕ್ಕೆ ರಾಳ, ಬಣ್ಣ ಬೆರೆಸಿ ಕರಗಿಸಿ, ಬಿಸಿ ಆರುವ ಮೊದಲೇ ಹಲಗೆಗೆ ಬಳಿಯಬೇಕು. ಪ್ರತಿ ಪದರಕ್ಕೂ ಬೆಂಕಿ ತಾಗಿಸಿ ಕೆಳಗಿನದಕ್ಕೆ ಬೆಸೆಯಬೇಕು. ಕೈ ಸುಟ್ಟುಕೊಂಡ ಗೆಳತಿಯರೆಲ್ಲ ಎಣ್ಣೆಬಣ್ಣಕ್ಕೆ ಮರಳಿದರು. ನಾಗರತ್ನಾ ಬಿಡಲಿಲ್ಲ. ಮಾಟುಂಗದಲ್ಲಿ ಹೋಟೆಲು ನಡೆಸುವ ಚೆನ್ನಯಣ್ಣ ಹಳೆಯ ಇಡ್ಲಿ ತಟ್ಟೆ ಕೊಟ್ಟ, ಕುಳಿಗೊಂದು ಬಣ್ಣ. “ಇನ್ನು ಇದ್ರಲ್ಲಿ ಇಡ್ಲಿ ಬೇಯಿಸ್ಬೇಡ ಮಾರಾಯ್ತಿ, ನನ್ನ ಹೋಟ್ಲಿನ ಹೆಸ್ರು ಹಾಳಾದೀತು” ಎಂದ. ಅವಳ ಮೊದಲ ಚಿತ್ರವನ್ನು ಗೋಡೆಗೆ ಹಾಕಿದವನೂ ಅವನೇ, ಅದೂ ದೋಸೆ ಕಾವಲಿಯ ನೆತ್ತಿಯ ಮೇಲೆ! ಮಧ್ಯಾಹ್ನದೊಳಗೆ ಅವಳು ಬರೆದ ಸೂರ್ಯ ಕರಗಿ ಜಾರಿ ಹಲಗೆಯ ಅಂಚಿಗೆ ಬಂದಿದ್ದ. ಆಮೇಲೆ ಹತ್ತಾರು ಕಡೆ ಅವಳ ಸೂರ್ಯಾಸ್ತಗಳು ತೂಗಿದವು. ಜನ ‘ನೈಸ್’ ಎಂದು ಚಹಾ ಕುಡಿಯಲು ಹೋದರು.

ಈಗ ಅವಳಿಗೆ ಸೂರ್ಯ ಬೇಡವಾಗಿದ್ದ. ಕೈಗಳು ಬೇಕಾಗಿದ್ದವು!

ಮರುದಿನ ಬೆಳಿಗ್ಗೆ, ಕೂಲಿಗೆ ಕರೆಯುವವರನ್ನು ಕಾಯುತ್ತ ಹೆಂಗಸರು ನಿಲ್ಲುವ ನಾಕಾಕ್ಕೆ ಅವಳು ಓಡಿದಳು. “ನಿಮ್ಮ ಕೈ ಕೊಡ್ರಿ.”

“ಭವಿಷ್ಯ ಹೇಳ್ತಿಯೇನ? ನನ್ನ ಗಂಡ ಕುಡಿಯೋದು ಯಾವಾಗ ಬಿಡ್ತಾನ, ಅದೊಂದು ನೋಡಿ ಹೇಳು” ಎಂದಳು ಶಿವಕುಮಾರಿ. ಇಡೀ ನಾಕಾ ನಕ್ಕಿತು.

ಭಾನುವಾರ ಚಾಳಿನ ಪಡಸಾಲೆಯಲ್ಲಿ ಜಾತ್ರೆಯೇ ನೆರೆಯಿತು. ಇಟ್ಟಿಗೆಗೆಂಪು, ಸಿಮೆಂಟಿನ ಬೂದು, ಅರಿಸಿನದ ಹಳದಿ ಪದರಗಳ ಮೇಲೆ ಅಂಗೈಗಳು ಒಂದರ ಪಕ್ಕ ಒಂದು ಇಳಿದವು. ಬಾಗಿಲಿಗಿಂತ ದೊಡ್ಡ ಹಲಗೆ ತುಂಬಿತು. ನಡುವೆ ಸುಂದ್ರವ್ವನದು. ಚಿತ್ರಕ್ಕೆ ನಾಗರತ್ನಾ ಅಂಗಡಿಯವನ ಮಾತನ್ನೇ ಹೆಸರಾಗಿ ಇಟ್ಟಳು: ‘ಮ್ಯಾಚ್ ನಹೀ ಹುವಾ’.

ಫೋರ್ಟ್ ಬಡಾವಣೆಯಲ್ಲಿ ಗ್ಯಾಲರಿ ಇಟ್ಟಿದ್ದ ಪ್ರೀತಮ್, ಉಡುಪಿ ಮೂಲದ ಬೊರಿವಲಿಯ ಹುಡುಗ, ಅದನ್ನು ಕಂಡು ಕುಣಿದಾಡಿದ. “ಯಾರ್, ಇದು ಸೋಲೋ ಶೋ! ನಿನ್ನ ಒಬ್ಬಳದ್ದೇ!”

ಉದ್ಘಾಟನೆಯ ಸಂಜೆ ನಾಕಾದ ಹೆಂಗಸರು ಹಾರ್ಬರ್ ಲೈನಿನ ಲೋಕಲ್ ಹಿಡಿದು, ಹೂ ಮುಡಿದು ಬಂದರು. ಬಂದವರೇ ಹಲಗೆಗೆ ಮುಗಿಬಿದ್ದರು. “ಇದು ನಂದು! ಕಿರುಬೆರಳು ಸೊಟ್ಟ ಐತಿ ನೋಡು!” “ಏ, ಇದ ನಂದು, ಸರೀ!” ಪ್ರತಿಯೊಬ್ಬಳೂ ತನ್ನ ಅಚ್ಚಿನಲ್ಲಿ ತನ್ನ ಕೈ ಇಟ್ಟಳು. ಕಾವಲಿನವನು ‘ಹಾಥ್ ಮತ್ ಲಗಾವೋ’ ಎಂದು ಓಡಿ ಬಂದ.

“ಲಗಾನೇ ದೋ ಭಯ್ಯಾ” ಎಂದು ನಾಗರತ್ನಾ ಅವನನ್ನು ತಡೆದಳು. ಮೇಣದ ಚಿತ್ರಕ್ಕೆ ದಿನ ಕಳೆದಂತೆ ಬಿಳಿ ಮಂಜು ಹಿಡಿಯುತ್ತದೆ, ಸವರಿದರೆ ಮತ್ತೆ ಹೊಳೆಯುತ್ತದೆ. ಅಂಗೈಗಳ ಕೆಳಗೆ ಹಲಗೆ ಆಗಲೇ ಬೆಳಗತೊಡಗಿತ್ತು. ಅವಳ ಕೈಯಲ್ಲಿ ಬೆಂಕಿ ಉಗುಳುವ ಗ್ಯಾಸ್ ಟಾರ್ಚ್ ಇತ್ತು. ಪದರ ಬೆಸೆಯುವುದನ್ನು ಬಂದವರಿಗೆ ಸಣ್ಣ ಹಲಗೆಯ ಮೇಲೆ ತೋರಿಸುವುದಿತ್ತು.

ಟಾರ್ಚ್ ಹಚ್ಚಿದ್ದಳು ಅಷ್ಟೆ, ಪ್ರೀತಮ್ ಏದುಸಿರು ಬಿಡುತ್ತ ಬಂದ.

“ಸೋಲ್ಡ್! ದೊಡ್ಡದು ಸೋಲ್ಡ್! ಬಿಲ್ಡರ್‌ನ ಜನ ಬಂದಿದ್ದಾರೆ, ಹೊಸ ಟವರಿನ ಲಾಬಿಗೆ ಬೇಕಂತೆ. ಇದು ಆದ್ರೆ ಮುಂದಿನ ಟವರ್‌ಗಳೂ ನಿಂಗೇ. ಲೈಫ್ ಬನ್ ಗಯೀ!” ದನಿ ತಗ್ಗಿಸಿದ. “ಒಂದೇ ಉಂಟು. ಕಲರ್ ಅವರಿಗೆ ಬಹಳ ಇಷ್ಟ. ಈ ಕೈಗಳು... ಲಾಬಿಗೆ ಬೇಡ ಅಂತೆ. ನೀನೇ ಹೇಳಿದ್ದಲ್ಲ, ಮೇಣ ಕರಗ್ತದೆ ಅಂತ. ಮೇಲಿಂದ ಸ್ವಲ್ಪ ಟಾರ್ಚ್ ಆಡಿಸು. ಪ್ಲೇನ್ ಆಗ್ತದೆ. ಈಗ್ಲೇ, ಅವರು ನೋಡ್ತಿದ್ದಾರೆ.”

“ಯಾವ ಟವರೋ ತಮ್ಮಾ?” ಸುಂದ್ರವ್ವ ಅಚ್ಚಿನಿಂದ ಕೈ ತೆಗೆಯದೆಯೇ ಕೇಳಿದಳು.

“ವಡಾಲದ್ದು ಆಂಟಿ. ಸ್ಟೇಷನ್ ಆಚೆ.”

“ಅಯ್ಯ, ಆ ಲಾಬಿ ನೆಲಾ ನಾವ ಹಾಕಿದ್ದಲ್ಲೇನ!” ಶಿವಕುಮಾರಿ ನಕ್ಕಳು. “ಅಲ್ಲೂ ಕೈ ಒತ್ತಿದ್ವಿ. ಮ್ಯಾಲ ಮಾರ್ಬಲ್ ಹಾಸಿ ಮುಚ್ಚಿದ್ರು.”

ಟಾರ್ಚಿನ ನೀಲಿ ಜ್ವಾಲೆ ಬುಸುಗುಡುತ್ತಿತ್ತು. ಅತ್ತ ಸೂಟಿನವರು ಕಾಯುತ್ತಿದ್ದರು.

“ಅಮ್ಮನಿಗೆ ಸ್ವಲ್ಪ ಸರೀಲಿಕ್ಕೆ ಹೇಳು” ಎಂದ ಪ್ರೀತಮ್. “ಎರಡು ಮಿನಿಟಿನ ಕೆಲಸ.”

ಸುಂದ್ರವ್ವ ಮಗಳ ಮುಖ ನೋಡಿದಳು. “ತಗೀಲೇನ, ನಾಗೂ?”

“ಬ್ಯಾಡ ಅವ್ವಾ. ಅಲ್ಲೇ ಇಡು.”

ನಾಗರತ್ನಾ ಟಾರ್ಚಿನ ಕಿವಿ ಹಿಂಡಿದಳು. ಜ್ವಾಲೆ ಸತ್ತಿತು.

“ಕರಗಸಂಗಿಲ್ಲ, ಪ್ರೀತಮ್. ಹೋಗಿ ಹೇಳು ಅವರಿಗೆ.”